ನೀರುಕಾಯಿ ಮರ ಮತ್ತು ನಮ್ಮ ಬೆಟ್ಟದ ಅಕೇಶಿಯಾ

ನಮಸ್ಕಾರ ಮೇಡಂ,

ಪೋರ್ಟೊ ರಿಕೊದ ಪರಿಸರ ವಿಜ್ಞಾನಿ ಏರಿಯಲ್ ಲುಗೋ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನಿಮಗೆ ಸಿಟ್ಟು ಬಂದಿದೆ. 'ಹೊರಗಿನ ಮರ ಬೆಳೆದರೂ ಅದು ಕಾಡೇ ಅನ್ನುವವರನ್ನು ಹೊಗಳಿದ್ದೀರಿ. ನಮ್ಮ ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಅಕೇಶಿಯಾ ಏನು ಮಾಡಿದೆ ಅಂತ ಬಂದು ನೋಡಿ' ಎಂದು ಬರೆದಿದ್ದೀರಿ. ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಜಾಗ ಸಾಲದೆ ನಾವು ಆ ಲೇಖನದ ಮುಖ್ಯ ಭಾಗವನ್ನೇ ಕತ್ತರಿಸಿದ್ದೆವು. ಅದನ್ನು ಇಲ್ಲಿ ಹೇಳುತ್ತೇನೆ.

1940ರ ದಶಕದ ಕೊನೆಗೆ ಪೋರ್ಟೊ ರಿಕೊ ದ್ವೀಪದಲ್ಲಿ ಉಳಿದಿದ್ದ ಕಾಡು ನೂರಕ್ಕೆ ಸುಮಾರು 6 ಪಾಲು ಮಾತ್ರ. ಎಲ್ಲೆಲ್ಲೂ ಕಬ್ಬು, ಕಾಫಿ, ದನ ಮೇಯುವ ಬಯಲು. ಆಮೇಲೆ ಕಾರ್ಖಾನೆಗಳು ಬಂದವು, ಜನ ಪೇಟೆಗೆ, ಅಮೆರಿಕದ ನಗರಗಳಿಗೆ ಹೋದರು, ಹೊಲ ತೋಟ ಪಾಳು ಬಿದ್ದವು. ಹಾಗೆ ಉತ್ತು ಉತ್ತು ಸೋತ ನೆಲದಲ್ಲಿ ತಾನಾಗಿ ಎದ್ದದ್ದು ಆಫ್ರಿಕಾದ ಒಂದು ಮರ. ನಿಮಗೂ ಗೊತ್ತು ಅದು: ನೀರುಕಾಯಿ ಮರ. ಕೆಂಪು ಹೂವು, ಬಾಗಿದ ಮೊಗ್ಗು, ಅದರ ತುದಿ ಹಿಚುಕಿ ಮಕ್ಕಳು ಒಬ್ಬರ ಮುಖಕ್ಕೊಬ್ಬರು ನೀರು ಚಿಮ್ಮಿಸ್ತಾರಲ್ಲ, ಅದೇ. ಇವತ್ತು ದ್ವೀಪದ ಅರ್ಧಕ್ಕಿಂತ ಜಾಸ್ತಿ ಭಾಗದಲ್ಲಿ ಮತ್ತೆ ಕಾಡಿದೆ.

ಲುಗೋ ಮತ್ತು ಜೊತೆಯವರು ಆ ಕಾಡಿನೊಳಗೆ ಹೋಗಿ ಅಳೆದರು. ಮರದ ದಪ್ಪ, ಉದುರಿದ ಎಲೆ, ನೆರಳಲ್ಲಿ ಏಳುವ ಸಸಿ. ನೀರುಕಾಯಿಗೆ ಬಿಸಿಲು ಬೇಕು, ತನ್ನ ನೆರಳಲ್ಲಿ ತನ್ನದೇ ಸಸಿ ಮೇಲೇಳುವುದು ಕಷ್ಟ. ಆದರೆ ಹಕ್ಕಿ, ಬಾವಲಿ ತಂದು ಹಾಕಿದ ಬೀಜದಿಂದ ಆ ಊರಿನ ಮರಗಳೇ ಅಲ್ಲಿ ನಿಧಾನಕ್ಕೆ ಎದ್ದವು. ಅದಕ್ಕೆ ದಶಕಗಳೇ ಹಿಡಿದವು, ಆ ದಶಕಗಳಲ್ಲಿ ಆ ನೆಲ ಹೆಚ್ಚಾಗಿ ತನ್ನ ಪಾಡಿಗೆ ತಾನಿತ್ತು.

ನಿಮ್ಮ ಬೆಟ್ಟದ್ದು ಬೇರೆ ಕತೆ, ಅಲ್ವಾ? ಮತ್ತಿ, ನೇರಳೆ, ಹುಲ್ಲು ಎಲ್ಲ ಜೀವಂತ ಇದ್ದ ಜಾಗದಲ್ಲಿ ಸಾಲು ಹಿಡಿದು ಅಕೇಶಿಯಾ ನೆಟ್ಟರು, ಬೆಳೆದ ಮೇಲೆ ಕಡಿದರು, ಮತ್ತೆ ಅದನ್ನೇ ನೆಟ್ಟರು. ಕೆಳಗಿನ ಸಸಿ ಏಳುವುದಕ್ಕೆ ಪುರಸೊತ್ತೇ ಸಿಗಲಿಲ್ಲ. ಲುಗೋ ಕೆಲಸವನ್ನು ತೋರಿಸಿ ಇದನ್ನು ಸರಿ ಅನ್ನುವುದು ತಪ್ಪು, ನಾನಂತೂ ಒಪ್ಪುವುದಿಲ್ಲ.

ಕಾಡು ಅಳೆಯುವ ಲುಗೋಗೆ ಕಡಲತೀರದ ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಯಾಕೆ ಅಂತಲೂ ಕೇಳಿದ್ದೀರಿ. 1974ರಲ್ಲಿ ಅವರು ಸ್ಯಾಮ್ಯುಯೆಲ್ ಸ್ನೆಡೇಕರ್ ಜೊತೆ ಕಾಂಡ್ಲಾ ಬಗ್ಗೆ ಬರೆದ ಪ್ರಬಂಧವನ್ನು ಈಗಲೂ ಓದುತ್ತಾರೆ. ಯಾವ ಜಾತಿಯ ಗಿಡ ಅನ್ನುವುದಕ್ಕಿಂತ ಮೊದಲು ನೀರು ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಹೇಗೆ ಹೋಗುತ್ತದೆ ಅಂತ ಅವರು ನೋಡಿದರು. ಹೊಳೆ ಅಂಚಿನ ಕಾಂಡ್ಲಾ ಎತ್ತರಕ್ಕೆ ಹೋಗುತ್ತದೆ, ಸಾರ ಸಿಗದ ಕಡೆ ಸೊಂಟದೆತ್ತರಕ್ಕೇ ನಿಂತುಬಿಡುತ್ತದೆ. ನಡುವೆ ಒಂದು ರಸ್ತೆ ಹಾಕಿ ಉಬ್ಬರ ಇಳಿತ ತಡೆದರೆ ಸಾಕು, ಯಾರೂ ಕಡಿಯದೆ ಇಡೀ ತೋಪು ನಿಂತಲ್ಲೇ ಒಣಗಬಹುದು. ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿತು. ಮೇಲೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲದೆ ಸಿಹಿನೀರು ಹರಿದು ಬರುವುದರಿಂದಲೇ ಅಲ್ಲಿ ಕಾಂಡ್ಲಾ ಇದೆ, ಬಳಚು (ಚಿಪ್ಪುಜೀವಿ) ಹೆಕ್ಕುವವರಿಗೆ ದುಡಿಮೆ ಇದೆ.

ಒಂದು ಕೆಲಸ ಮಾಡ್ತೀರಾ? ಅಕೇಶಿಯಾ ಕೆಳಗೆ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಜಾಗಕ್ಕೆ ಹಗ್ಗ ಕಟ್ಟಿ. ದರಕು (ಉದುರಿದ ಒಣ ಎಲೆ) ಸರಿಸಿ ಯಾವ್ಯಾವ ಸಸಿ ಎಷ್ಟೆಷ್ಟಿದೆ ಅಂತ ಎಣಿಸಿ, ನಿಮ್ಮೂರಿನ ಹೆಸರಲ್ಲೇ ಬರೆದು ಕಳಿಸಿ. ಪಕ್ಕದ ಹಳೇ ಬೆಟ್ಟದಲ್ಲೂ ಅಷ್ಟೇ ಜಾಗ ಎಣಿಸಿ. ಈ ಸಲ ಒಂದು ಸಾಲೂ ಕತ್ತರಿಸದೆ ಹಾಕುತ್ತೇವೆ.

ಸಂಪಾದಕ