ಜನ್ಮನಕ್ಷತ್ರಕ್ಕೆ ತಕ್ಕ ವಿಗ್ರಹ ಯಾವುದು?

ಪ್ರಶ್ನೆ: ನನ್ನದು ಭರಣಿ ನಕ್ಷತ್ರ. ಅದರ ದೇವತೆ ಯಮನಂತೆ. ಹಾಗಾದರೆ ದೇವರಮನೆಯಲ್ಲಿ ಯಮನ ವಿಗ್ರಹ ಇಡಬೇಕೆ?

ಉತ್ತರ: ಬೇಡ. ನಕ್ಷತ್ರದೇವತೆ ಬೇರೆ, ನಿತ್ಯಪೂಜೆಯ ಮೂರ್ತಿ ಬೇರೆ. ಕೃತ್ತಿಕೆಗೆ ಅಗ್ನಿ, ಸ್ವಾತಿಗೆ ವಾಯು, ಮಘೆಗೆ ಪಿತೃಗಳು. ಇವರ ವಿಗ್ರಹ ಮನೆಯಲ್ಲಿಡುವ ರೂಢಿಯಿಲ್ಲ. ಜನ್ಮನಕ್ಷತ್ರದ ದಿನ ಮಂತ್ರ ಹೇಳಿ ನೆನೆದರೆ ಸಾಕು. ಶ್ರವಣಕ್ಕೆ ವಿಷ್ಣು, ಆರ್ದ್ರೆಗೆ ರುದ್ರ. ಆ ನಕ್ಷತ್ರದವರಿಗೆ ಈ ಗೊಂದಲವೇ ಇಲ್ಲ ಬಿಡಿ. ನೀವು ಕುಲದೇವರನ್ನು ಇಡಿ, ಜೊತೆಗೆ ಇಷ್ಟದೇವರು.

ಎತ್ತರ ಹೆಬ್ಬೆರಳಿನ ಗೆಣ್ಣಿನಿಂದ ಒಂದು ಗೇಣಿನೊಳಗಿರಲಿ; ಮತ್ಸ್ಯಪುರಾಣ ಮನೆಗೆ ಹೇಳುವ ಅಳತೆ ಅದು. ಅಭಿಷೇಕ ಮಾಡುವುದಾದರೆ ಗಟ್ಟಿ ಎರಕದ್ದನ್ನೇ ಕೊಳ್ಳಿ. ಪೊಳ್ಳು ಮೂರ್ತಿಯ ಒಳಗೆ ಹಾಲು ಸೇರಿ ನಾರುತ್ತದೆ, ಕಿಲುಬು ಕಟ್ಟುತ್ತದೆ. ಬಣ್ಣ ಬಳಿದದ್ದಕ್ಕೆ ಹೂವು, ಅಕ್ಷತೆ ಮಾತ್ರ. ಬೆರಳು, ಆಯುಧದ ತುದಿ ಮುರಿದಿಲ್ಲವೆಂದು ನೋಡಿಯೇ ತನ್ನಿ. ಭಿನ್ನವಾದದ್ದು ಪೂಜೆಗೆ ಸಲ್ಲದು.