ಕೈಗಾರಿಕೋತ್ತರ ಆರ್ಥಿಕತೆಯಲ್ಲಿ, ಅಂದರೆ ಕಾರ್ಖಾನೆಗಿಂತ ಸೇವಾ ವಲಯ (ಬ್ಯಾಂಕು, ಐಟಿ, ಹೋಟೆಲ್‌ನಂಥ ಕೆಲಸ) ದೊಡ್ಡದಾದ ಆರ್ಥಿಕತೆಯಲ್ಲಿ, ಹಳೆಯ ಕೆಲಸಗಳು ಮಾಯವಾಗುತ್ತವಾ?

ಪೂರ್ತಿ ಮಾಯವಾಗುವುದಿಲ್ಲ, ಕೆಲಸದೊಳಗಿನ ಒಂದೊಂದು ಭಾಗ ಹೋಗುತ್ತದೆ. ನಮ್ಮ ಚಿಕ್ಕಮಗಳೂರಿನ ಕಾಫಿಯನ್ನೇ ನೋಡಿ. ಮೊದಲು ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಗಳಲ್ಲಿ, ಹೆಂಗಸರು ಸಾಲಾಗಿ ಕೂತು ಕೆಟ್ಟ ಬೀಜ ಆರಿಸುತ್ತಿದ್ದರು, ಈಗ ಆ ಕೆಲಸ ಜಾಸ್ತಿ ಮಾಡುವುದು ಬಣ್ಣ ನೋಡಿ ಬೇರ್ಪಡಿಸುವ ಯಂತ್ರ. ಆದರೆ ಕೊಯ್ಲು ಇನ್ನೂ ಕೈಯಲ್ಲೇ. ಬ್ರೆಜಿಲ್‌ನ ಸಮತಟ್ಟಾದ ತೋಟಗಳಲ್ಲಿ ಯಂತ್ರ ಓಡಾಡುತ್ತದೆ. ಇಲ್ಲಿ ಇಳಿಜಾರು, ನಡುನಡುವೆ ನೆರಳಿನ ಮರ, ಒಂದೇ ಗೊಂಚಲಲ್ಲಿ ಹಣ್ಣೂ ಕಾಯೂ ಇರುವಾಗ ಯಂತ್ರ ಏನು ಮಾಡೀತು, ಅಲ್ವಾ? ಕೈಗಾರಿಕೋತ್ತರ ಸಮಾಜದ ಬಗ್ಗೆ 1973ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಡೇನಿಯಲ್ ಬೆಲ್ ಹೇಳಿದ್ದೂ ಸೇವಾ ವಲಯ ದೊಡ್ಡದಾಗುತ್ತದೆ ಎಂದು, ಕೃಷಿ ಇಲ್ಲವಾಗುತ್ತದೆ ಎಂದಲ್ಲ. ಭಾರತದಲ್ಲಿ ದುಡಿಯುವ 100 ಜನರಲ್ಲಿ 40ಕ್ಕೂ ಜಾಸ್ತಿ ಮಂದಿ ಈಗಲೂ ಕೃಷಿಯಲ್ಲಿದ್ದಾರೆ. ನನ್ನ ಚಿಂತೆ ಬೀಜ ಆರಿಸುತ್ತಿದ್ದ ಹೆಂಗಸರದ್ದು. ಅವರಿಗೆ ಹೋಂಸ್ಟೇಯಲ್ಲೋ ಮತ್ತೊಂದು ಕಡೆಯೋ ಅಷ್ಟೇ ಕೂಲಿಯ ಕೆಲಸ ಸಿಗಲೇಬೇಕು.