ಆ ಹಣ ಬಂದದ್ದೆಲ್ಲಿಂದ?

ನಮಸ್ಕಾರ.

ಹತ್ತೊಂಬತ್ತನೇ ಶತಮಾನದ ಮುಂಬಯಿಯ ಪಾರ್ಸಿ ವರ್ತಕ, ದಾನಿ ಜಮ್‌ಷೇಟ್‌ಜಿ ಜೀಜೀಭಾಯ್ ಅವರ ಮನೆತನದ ಬಗ್ಗೆ ನೀವು ಕಳುಹಿಸಿದ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾಗದು. ಭಾಷೆ ಶುದ್ಧವಾಗಿದೆ, ಶ್ರಮವೂ ಕಾಣುತ್ತದೆ; ಆದರೆ ಓದುತ್ತಿರುವುದು ಲೇಖನವೋ, ದಾನಿಗಳ ಹೆಸರು ಕೆತ್ತಿದ ಫಲಕವೋ ಎಂಬ ಅನುಮಾನ ಕೊನೆಯವರೆಗೂ ಬಿಡಲಿಲ್ಲ. ಮೊದಲ ಸಾಲಿನಲ್ಲೇ ಜೀಜೀಭಾಯ್ ಅವರನ್ನು ‘ಕಲಿಯುಗದ ಕರ್ಣ’ ಎಂದುಬಿಟ್ಟಿದ್ದೀರಿ. ಓದುಗ ಮುಂದೆ ತಿಳಿಯಬೇಕಾದದ್ದು ಏನು ಉಳಿಯಿತು?

ಅವರು ಹಣ ಕೊಟ್ಟ ಆಸ್ಪತ್ರೆಗೆ, ಕಲಾಶಾಲೆಗೆ ಎರಡು ಪುಟ. ಆ ಹಣ ಬಂದ ದಾರಿಗೆ ‘ಚೀನಾದೊಡನೆ ವ್ಯಾಪಾರ ನಡೆಸಿ’ ಎಂಬ ಅರ್ಧ ಸಾಲು. ಯಾವ ವ್ಯಾಪಾರ? ಹತ್ತಿಯ ಜೊತೆಗೆ ಮಾಳವದ ಅಫೀಮೂ ಮುಂಬಯಿಯಲ್ಲಿ ಹಡಗೇರುತ್ತಿತ್ತು. ಚೀನಾದಲ್ಲಿ ಅದಕ್ಕೆ ನಿಷೇಧವಿತ್ತು. ಇದು ನಿಮಗೆ ಗೊತ್ತಿರಲಿಲ್ಲ ಎಂದು ನಂಬುವುದು ಕಷ್ಟ. ಬ್ರಿಟಿಷ್ ವರ್ತಕ ವಿಲಿಯಂ ಜಾರ್ಡಿನ್ ಅವರನ್ನು ‘ಆಪ್ತಮಿತ್ರ’ ಎಂದು ಕರೆದು, ಜಾಣತನದಿಂದ ಅಲ್ಲಿಗೇ ನಿಲ್ಲಿಸಿದ್ದೀರಿ.

ಆ ಸ್ನೇಹವನ್ನೇ ಬಿಡಿಸಿ ಬರೆಯಿರಿ. 1805ರಲ್ಲಿ ಬ್ರನ್ಸ್‌ವಿಕ್ ಹಡಗನ್ನು ಫ್ರೆಂಚರು ಸೆರೆಹಿಡಿದಾಗ ಯುವಕ ಜೀಜೀಭಾಯ್ ಅದರಲ್ಲಿದ್ದರು. ಜಾರ್ಡಿನ್ ಅದೇ ಹಡಗಿನ ವೈದ್ಯ. ಮುಂದೆ ಜಾರ್ಡಿನ್ ಚೀನಾದ ಬಂದರು ಕ್ಯಾಂಟನ್ನಿನಲ್ಲಿ ಅಫೀಮಿನ ದೊಡ್ಡ ವರ್ತಕರಾದರು, ಮುಂಬಯಿಯಿಂದ ಅವರಿಗೆ ಸರಕು ಕಳುಹಿಸುವವರು ಜೀಜೀಭಾಯ್ ಆದರು. ಇಂಥ ಘಟನೆ ಕೈಯಲ್ಲಿದ್ದೂ ‘ಅನೇಕ ಕಷ್ಟನಷ್ಟಗಳನ್ನು ಎದುರಿಸಿ’ ಎಂದು ಬರೆದಿದ್ದೀರಲ್ಲ!

ಬ್ರಿಟಿಷರು ಜೀಜೀಭಾಯ್ ಅವರಿಗೆ ನೈಟ್ ಪದವಿ ಕೊಟ್ಟದ್ದು 1842ರಲ್ಲಿ. ಬ್ರಿಟನ್ ಚೀನಾದ ಮೇಲೆ ನಡೆಸಿದ ಮೊದಲ ಅಫೀಮು ಯುದ್ಧ ನಾನ್‌ಕಿಂಗ್ ಒಪ್ಪಂದದೊಂದಿಗೆ ಮುಗಿದದ್ದೂ ಅದೇ ವರ್ಷ. ಎರಡನ್ನೂ ಒಂದೇ ಪ್ಯಾರಾದಲ್ಲಿಡಿ, ವ್ಯಾಖ್ಯಾನ ಬೇಡ. ಹಾಗೆಂದು ಅವರನ್ನು ಖಳನಾಯಕನನ್ನಾಗಿ ಮಾಡಿ ಎನ್ನುತ್ತಿಲ್ಲ, ಅದೂ ಸೋಮಾರಿತನವೇ.

ನಿಮ್ಮ ಲೇಖನದ ಜೀವ ಇರುವುದು ‘ಪತ್ನಿಯೂ ದಾನಶೀಲೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ ಆವಾಬಾಯಿಯವರಲ್ಲಿ. ಮುಂಬಯಿಯ ಮಾಹಿಮ್‌ನಿಂದ ಆಚೆ ದಡದ ಬಾಂದ್ರಾಕ್ಕೆ ಜನ ದೋಣಿಯಲ್ಲಿ ದಾಟಬೇಕಿದ್ದ ಕಾಲ. ಅಲ್ಲಿ ರಸ್ತೆ ಕಟ್ಟಿಸಲು ಅವರು ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು ಕೊಟ್ಟರು. ದಾಟುವವರಿಂದ ಸುಂಕ ವಸೂಲು ಮಾಡಕೂಡದು ಎಂಬ ಷರತ್ತನ್ನೂ ಹಾಕಿದರು. 1845ರಲ್ಲಿ ಆ ರಸ್ತೆ ತೆರೆಯಿತು. ಲೇಖನ ಅಲ್ಲಿಂದ ಶುರುವಾಗಲಿ. ದುಡ್ಡಿನ ಜಾಡು ಹಿಡಿದು ಹಿಂದಕ್ಕೆ, ಹಡಗುಕಟ್ಟೆಗೆ ಹೋಗಿ.

‘ಇಂದಿನ ಯುವಜನತೆ ಇವರಿಂದ ಕಲಿಯಬೇಕಾದದ್ದು’ ಎಂಬ ಕೊನೆಯ ಪ್ಯಾರಾವನ್ನು ಪೂರ್ತಿ ತೆಗೆದುಹಾಕಿ. ಉಳಿದದ್ದನ್ನು ಸಾವಿರ ಪದಗಳಿಗೆ ಇಳಿಸಿ ಕಳುಹಿಸಿ, ಮತ್ತೆ ಓದುತ್ತೇನೆ.

— ಸಂಪಾದಕ